ಸತ್ಯಾಂಶ: ನೀಟ್ ಸೀಟು ಸಿಗದಿದ್ದರೆ ಬಯಾಲಜಿ ಓದಿದ್ದು ದಂಡವೇ?

ಪ್ರತಿ ವರ್ಷ ಪಿಯುಸಿ ರಿಸಲ್ಟ್ ಹೊತ್ತಿಗೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತದೆ: "ನೀಟ್‌ನಲ್ಲಿ ಸೀಟು ಸಿಗದಿದ್ದರೆ ಬಯಾಲಜಿ ದಂಡ. ಬಿಎಸ್ಸಿ ಮಾಡಿದವರಿಗೆ ಮೇಷ್ಟ್ರ ಕೆಲಸ ಬಿಟ್ಟರೆ ಬೇರೆ ದಾರಿ ಇಲ್ಲ."

ಇದು ತಪ್ಪು. ಮೇಷ್ಟ್ರ ಕೆಲಸ ಕೀಳು ಅನ್ನೋ ಧಾಟಿಯೂ ಸರಿಯಿಲ್ಲ, ಅದಿರಲಿ.

ಭಾರತೀಯ ಅರಣ್ಯ ಸೇವೆಯನ್ನೇ ನೋಡಿ. ಐಎಎಸ್ ಪರೀಕ್ಷೆಗೆ ಯಾವ ಡಿಗ್ರಿ ಇದ್ದರೂ ಕೂರಬಹುದು. ಅರಣ್ಯ ಸೇವೆಗೆ ಹಾಗಲ್ಲ. ಡಿಗ್ರಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಗಣಿತದಂಥ ಒಂದು ವಿಷಯವಾದರೂ ಇರಬೇಕು, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಓದಿರಬೇಕು. ಬರೀ ಇತಿಹಾಸ ಓದಿದವರಿಗೆ ಇಲ್ಲಿ ಅವಕಾಶವಿಲ್ಲ, ಬಾಟನಿ ಓದಿದವರಿಗೆ ಇದೆ! ಕಾಲೇಜು ಸೇರುವಾಗಲೇ ವಿಷಯಗಳ ಕಾಂಬಿನೇಷನ್ ನೋಡಿಕೊಳ್ಳುವುದು ಇದಕ್ಕೇ.

ಸಂಶೋಧನೆ ಇಷ್ಟವಿದ್ದರೆ, ಐಐಟಿಯಂಥ ಕಡೆ ಎಂಎಸ್ಸಿ ಸೇರಲು ಬರೆಯುವ ಜಾಮ್ ಪರೀಕ್ಷೆಯಲ್ಲಿ ಬಯೋಟೆಕ್ನಾಲಜಿ ಪತ್ರಿಕೆ ಇದೆ. ಬೆಂಗಳೂರಿನ ಐಐಎಸ್ಸಿಯಲ್ಲಿ ಬಿಎಸ್ಸಿ ನಂತರ ನೇರವಾಗಿ, ಎಂಎಸ್ಸಿ ಮತ್ತು ಪಿಎಚ್‌ಡಿ ಎರಡೂ ಒಟ್ಟಿಗಿರುವ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಸೇರುವ ದಾರಿಯೂ ಇದೆ. ಬೆಂಗಳೂರಿನಲ್ಲೇ ಇರುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲೂ ಅಂಥ ಕೋರ್ಸ್ ಇದೆ.

ಹಾಗಂತ ಮೆಸೇಜ್ ಪೂರ್ತಿ ಸುಳ್ಳೂ ಅಲ್ಲ. ಬರೀ ಬಿಎಸ್ಸಿಗೆ ಸಿಗುವ ಸಂಬಳ ಸಾಮಾನ್ಯವಾಗಿ ಕಡಿಮೆಯೇ. ಎಂಎಸ್ಸಿ ಮಾಡಬೇಕಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಆಸ್ಪತ್ರೆ ಲ್ಯಾಬ್‌ನಲ್ಲಿ ಟೆಕ್ನೀಷಿಯನ್ ಆಗೋಕೆ ಸಾಮಾನ್ಯ ಬಿಎಸ್ಸಿ ಸಾಕು ಅಂತ ಕೆಲವರು ಅಂದುಕೊಂಡಿರುತ್ತಾರೆ ಅಲ್ವಾ? ಅದಕ್ಕೆ ಮೆಡಿಕಲ್ ಲ್ಯಾಬ್ ಟೆಕ್ನಾಲಜಿ ಅಂತ ಬೇರೆಯೇ ಕೋರ್ಸ್ ಇದೆ.