ಸೋಮವಾರದಿಂದ ಅವಳಿಗೆ ನೈಟ್ ಡ್ಯೂಟಿ

ನಿನ್ನೆ ಸಂಜೆ ಮಂಗಳೂರಿನಿಂದ ಬರುವ ರೈಲಿನಲ್ಲಿ ಕಾಸರಗೋಡಿನ ಉಪ್ಪಳದ ಹುಡುಗಿಯೊಬ್ಬಳು ಸಿಕ್ಕಿದಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿ ಎರಡೇ ತಿಂಗಳು. ಉಳ್ಳಾಲ ದಾಟುವಷ್ಟರಲ್ಲಿ ಅತ್ತೇ ಬಿಟ್ಟಳು. "ಅಕ್ಕಾ, ನನಗೆ ಆಗುವುದಿಲ್ಲ. ಬಿಟ್ಟುಬಿಡ್ತೇನೆ."

ಆದದ್ದು ಇನ್ಸುಲಿನ್ ವಿಷಯ. ನಮ್ಮಲ್ಲಿ ಎರಡು ಬಗೆಯ ಬಾಟಲಿ ಉಂಟು. ಒಂದು ಎಂಎಲ್‌ಗೆ 40 ಯೂನಿಟ್ ಇರುವುದಕ್ಕೆ ಕೆಂಪು ಮುಚ್ಚಳದ ಸಿರಿಂಜು, 100 ಇರುವುದಕ್ಕೆ ಕಿತ್ತಳೆ. ಸಿರಿಂಜಿನ ಗೆರೆಗಳ ಲೆಕ್ಕ ಆಯಾ ಬಾಟಲಿಗೆ ಮಾತ್ರ ಸರಿ. ಇವಳು 100ರ ಬಾಟಲಿಗೆ ಕೆಂಪು ಸಿರಿಂಜು ಹಿಡಿದಿದ್ದಳು. ಹಾಗೆ ಕೊಟ್ಟಿದ್ದರೆ 20 ಯೂನಿಟ್ ಹೋಗುವಲ್ಲಿ 50 ಹೋಗುತ್ತಿತ್ತು. ಶುಗರ್ ಇಳಿದು ಜೀವಕ್ಕೇ ಬರುವ ತಪ್ಪು. ಸೀನಿಯರ್ ಕಣ್ಣಿಗೆ ಬಿತ್ತು, ಕೊಡುವ ಮೊದಲೇ ತಡೆದರು. ಆಮೇಲೆ ಇಡೀ ವಾರ್ಡಿಗೆ ಕೇಳುವ ಹಾಗೆ "ನಾಲ್ಕು ವರ್ಷ ಎಂತ ಕಲಿತದ್ದು?" ಅಂತ ಬೈದರು.

ಸೀನಿಯರಿಗೆ ಸಿಟ್ಟು ಬರುವುದು ಸಹಜ, ನನಗೂ ಬರುತ್ತಿತ್ತು. ಆದರೆ ಮರುದಿನ ಪಕ್ಕಕ್ಕೆ ಕರೆದು ಎರಡು ಸಿರಿಂಜನ್ನೂ ಕೈಗೆ ಕೊಟ್ಟು ತೋರಿಸಿದವರು ಯಾರೂ ಇಲ್ಲ. ಈಗ ಅವಳಿಗೆ ಯಾವುದನ್ನು ಕೇಳಲಿಕ್ಕೂ ಹೆದರಿಕೆ. ನನಗೆ ಆ ತಪ್ಪಿಗಿಂತ ಈ ಹೆದರಿಕೆಯ ಚಿಂತೆ ಜಾಸ್ತಿ. ಸಂಶಯ ಬಂದರೂ ಬಾಯಿ ಮುಚ್ಚಿಕೊಂಡು ಇಂಜೆಕ್ಷನ್ ಕೊಡುವ ಸಿಸ್ಟರ್ ನಿಮ್ಮ ಅಮ್ಮನ ಬೆಡ್ ಹತ್ತಿರ ಬಂದರೆ?

1974ರಲ್ಲೇ ಅಮೆರಿಕದ ನರ್ಸಿಂಗ್ ಸಂಶೋಧಕಿ ಮಾರ್ಲೀನ್ ಕ್ರೇಮರ್ ಹೊಸ ನರ್ಸುಗಳ ಈ ಪಾಡಿಗೆ 'ರಿಯಾಲಿಟಿ ಶಾಕ್', ಅಂದರೆ ಕಲಿತದ್ದೇ ಬೇರೆ, ವಾರ್ಡಿನಲ್ಲಿ ಕಂಡದ್ದೇ ಬೇರೆ ಅನ್ನುವ ಆಘಾತ, ಅಂತ ಹೆಸರಿಟ್ಟರು. ನಾವು ಇನ್ನೂ "ನಾವೂ ಹೀಗೇ ಬೈಸಿಕೊಂಡು ಕಲಿತದ್ದು" ಅಂತಲೇ ಹೇಳುತ್ತಿದ್ದೇವೆ. ಅತ್ತೆ ಸೊಸೆಗೆ ಹೇಳುವ ಮಾತಿನ ಹಾಗೆ, ಅಲ್ವಾ?

ನರ್ಸಾಗಿ ನನ್ನ ಮೊದಲ ತಿಂಗಳಲ್ಲಿ ಒಬ್ಬರು ಅಜ್ಜನ ಕೈಯಲ್ಲಿ ರಕ್ತನಾಳ ಸಿಗದೆ ಮೂರು ಸಲ ಚುಚ್ಚಿದ್ದೆ. ಎರಡು ಸಲ ಆಗದಿದ್ದರೆ ಬೇರೆಯವರನ್ನು ಕರೆಯಬೇಕು ಅಂತ ಗೊತ್ತಿತ್ತು. ಕರೆದರೆ ಬೈತಾರೆ ಅಂತ ಕರೆಯಲಿಲ್ಲ. ನೋವು ತಿಂದ ಅಜ್ಜನೇ ಮಲಯಾಳಂನಲ್ಲಿ "ಸಾರಮಿಲ್ಲ ಮೋಳೇ", ಪರವಾಗಿಲ್ಲ ಮಗಳೇ, ಅಂದರು. ಇವತ್ತಿಗೂ ನೆನಪಾದರೆ ನಾಚಿಕೆಯಾಗುತ್ತದೆ.

ಇನ್ನೊಂದು ಮಾತು. ನಮ್ಮ ಗಡಿಯ ಮಕ್ಕಳು ಒಂದೇ ವಾರ್ಡಿನಲ್ಲಿ ತುಳು, ಮಲಯಾಳಂ, ಬ್ಯಾರಿ, ಕನ್ನಡ ಎಲ್ಲ ಸುಧಾರಿಸುತ್ತಾರೆ. ಎದೆ ಹಿಡಿದುಕೊಂಡು ಬಂದ ಅಜ್ಜಿ ಯಾವ ಭಾಷೆಯಲ್ಲಿ ನರಳಿದರೂ ಇವರಿಗೆ ಅರ್ಥವಾಗುತ್ತದೆ. ಡಾಕ್ಟರು ಬಂದಾಗ "ಸಿಸ್ಟರ್, ಇವರು ಎಂತ ಹೇಳ್ತಾರೆ ಕೇಳಿ" ಅಂತ ಇವರನ್ನೇ ಕರೆಯುತ್ತಾರೆ. ಆದರೂ "ಇವಳಿಗೆ ಏನೂ ಬರುವುದಿಲ್ಲ" ಅನ್ನುವ ಮಾತು ತಪ್ಪುವುದಿಲ್ಲ.

ದೊಡ್ಡ ಯೋಜನೆ ಏನೂ ಬೇಡ. ಮೊದಲ ಮೂರು ತಿಂಗಳು ಹೊಸಬಳಿಗೆ ಒಬ್ಬರೇ ಸೀನಿಯರ್, ಇಬ್ಬರಿಗೂ ಒಂದೇ ಶಿಫ್ಟ್. ಆ ಸೀನಿಯರಿಗೆ ಎರಡು ಬೆಡ್ ಕಡಿಮೆ ಕೊಡಿ, ಇಲ್ಲದಿದ್ದರೆ ಕಲಿಸಲಿಕ್ಕೆ ಪುರುಸೊತ್ತು ಎಲ್ಲಿಂದ? ಜನ ಕಡಿಮೆ ಇದ್ದಾರೆ ಅಂತ ಹೊಸಬಳನ್ನು ರಾತ್ರಿ ಒಬ್ಬಳೇ ಬಿಡಬೇಡಿ.

ಉಪ್ಪಳದಲ್ಲಿ ಇಳಿಯುವಾಗ ಅವಳಿಗೆ ನನ್ನ ನಂಬರ್ ಕೊಟ್ಟೆ. ಸೋಮವಾರದಿಂದ ಅವಳಿಗೆ ನೈಟ್. ಜೊತೆಗೆ ಯಾರು ಅಂತ ಕೇಳಿದೆ. "ಲಿಸ್ಟ್‌ನಲ್ಲಿ ನನ್ನ ಹೆಸರು ಮಾತ್ರ ಉಂಟಕ್ಕಾ" ಅಂದಳು.