ಮುದ್ದೆಯ ಪಕ್ಕದಲ್ಲಿ ದಿನಕ್ಕೊಂದು ಮೊಟ್ಟೆ

ಮಂಡ್ಯ ಸೀಮೆಯಲ್ಲಿ ಹುಟ್ಟಿ ಬೆಳೆದು, ಕೆಲಸದ ನಿಮಿತ್ತ ಕೊಯಮತ್ತೂರಿನಲ್ಲಿ ನೆಲೆಸಿರುವ ನನಗೆ ಎರಡೂ ಕಡೆಯ ಊಟದ ಕ್ರಮ ಚೆನ್ನಾಗಿ ಗೊತ್ತು. ಮಾಂಸದೂಟದ ವಿಷಯದಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ, ಅಲ್ಲಿ ಬಾಡೂಟವೂ ಬೇಕೆಂಬ ಬೇಡಿಕೆ ನಾಡಿನಾದ್ಯಂತ ಚರ್ಚೆಯಾಯಿತು. ಆದರೆ ಹಬ್ಬಕ್ಕೆ, ಬೀಗರೂಟಕ್ಕೆ, ಭಾನುವಾರಕ್ಕೆ ತಪ್ಪದೆ ಬಾಡು ಬೇಯುವ ಎಷ್ಟೋ ಮನೆಗಳಲ್ಲಿ ಉಳಿದ ದಿನ ಒಂದು ಮೊಟ್ಟೆಯೂ ಬೇಯುವುದಿಲ್ಲ. ಮೊಟ್ಟೆಯನ್ನೂ ಬಾಡಿನ ಲೆಕ್ಕಕ್ಕೆ ಸೇರಿಸಿರುವುದರಿಂದ ಬಾಡಿಗಿರುವ ಕಟ್ಟುಪಾಡುಗಳೆಲ್ಲ ಅದಕ್ಕೂ ಅಂಟಿಕೊಂಡಿವೆ. ಸೋಮವಾರ ಮಾದಪ್ಪನ ವಾರ, ಶನಿವಾರ ವೆಂಕಟರಮಣನ ವಾರ, ನಡುವೆ ಅಮಾವಾಸ್ಯೆ, ಶ್ರಾವಣ ಬಂತೆಂದರೆ ತಿಂಗಳು ಪೂರ್ತಿ ಇಲ್ಲ. ಇವನ್ನೆಲ್ಲ ಕಳೆದರೆ ಬೆಳೆಯುವ ಮಕ್ಕಳಿಗೆ ಮನೆಯಲ್ಲಿ ವಾರಕ್ಕೆ ಒಂದೆರಡು ಮೊಟ್ಟೆ ಸಿಕ್ಕರೆ ಹೆಚ್ಚು. ದೊಡ್ಡವರು ತಮ್ಮ ವ್ರತವನ್ನು ನಿಷ್ಠೆಯಿಂದ ನಡೆಸಲಿ. ಮಕ್ಕಳನ್ನೂ ಅದಕ್ಕೆ ಸೇರಿಸುವುದು ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಕೊಯಮತ್ತೂರಿನಲ್ಲಿ ಮೊಟ್ಟೆಯೆಂದರೆ ದಿನದ ಊಟ. ಸಂಜೆಯ ಟಿಫಿನ್ ಅಂಗಡಿಗಳಲ್ಲಿ ಕಲಕಿ ಅರೆಬೇಯಿಸಿದ ಮೆತ್ತನೆಯ ಕಲಕ್ಕಿ, ಒಂದೇ ಬದಿ ಬೇಯಿಸಿದ ಆಫ್ ಬಾಯಿಲ್, ಮೊಟ್ಟೆ ದೋಸೆಗಳಿಗೆ ಜನ ಕಾದಿರುತ್ತಾರೆ. ಪಾಳಿ ಮುಗಿಸಿ ಬಂದ ಮಿಲ್ಲಿನ ಕಾರ್ಮಿಕನಿಗೆ ಪರೋಟದ ಜೊತೆ ಒಂದು ಮೊಟ್ಟೆ ಇದ್ದೇ ಇರುತ್ತದೆ. ವೆಂಕಟರಮಣನ ವ್ರತದ ತಮಿಳು ತಿಂಗಳಾದ ಪುರಟ್ಟಾಸಿಯಲ್ಲಿ ಇಲ್ಲಿಯವರೂ ಅನೇಕರು ಮಾಂಸ, ಮೊಟ್ಟೆ ಎರಡನ್ನೂ ಬಿಡುತ್ತಾರೆ, ಆದರೆ ಆ ವ್ರತ ಸರ್ಕಾರಿ ಶಾಲೆಯ ತಟ್ಟೆಯವರೆಗೆ ಬರುವುದಿಲ್ಲ. ತಮಿಳುನಾಡಿನ ಶಾಲೆಗಳಲ್ಲಿ ಮಧ್ಯಾಹ್ನದ ಊಟದೊಂದಿಗೆ ವಾರಕ್ಕೆ ಐದು ಮೊಟ್ಟೆ ಕೊಡುವ ಪದ್ಧತಿ 2010ರಿಂದಲೇ ನಡೆದುಬಂದಿದೆ, ತಿನ್ನದ ಮಕ್ಕಳಿಗೆ ಬಾಳೆಹಣ್ಣು ಸಿಗುತ್ತದೆ, ಮತ್ತು ಈ ಬಗ್ಗೆ ಯಾರೂ ಜಗಳ ಕಾಯುವುದನ್ನು ನಾನು ಕಂಡಿಲ್ಲ.

ನಮ್ಮ ರಾಜ್ಯವೂ ಈಗ ಆ ದಾರಿಗೆ ಬಂದಿದೆ. 2021ರ ಕೊನೆಯಲ್ಲಿ ಉತ್ತರದ ಕೆಲವು ಜಿಲ್ಲೆಗಳಲ್ಲಿ ಆರಂಭವಾದ ಮೊಟ್ಟೆ ವಿತರಣೆ ಕ್ರಮೇಣ ಎಲ್ಲೆಡೆ ಹಬ್ಬಿ, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನಗಳಿಗೆ ವಿಸ್ತರಿಸಿತು. ಆದರೂ 2025ರಲ್ಲಿ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಶಾಲೆ ದೇವಸ್ಥಾನದ ಹತ್ತಿರವಿದೆಯೆಂಬ ಕಾರಣಕ್ಕೆ ಮೊಟ್ಟೆಯನ್ನು ವಿರೋಧಿಸಿ ಪೋಷಕರು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಲು ಹೊರಟ ಸುದ್ದಿ ಓದಿ ನನಗೆ ಬಹಳ ನೋವಾಯಿತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆದಿಲ್ಲ. ತಮಿಳುನಾಡಿನಲ್ಲಿ ಆ ಪ್ರಮಾಣ ಶೇ. 25. ಈ ಅಂತರಕ್ಕೆ ಮೊಟ್ಟೆಯೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ತಾಯಿಯ ಆರೋಗ್ಯ, ಶೌಚಾಲಯ, ಕುಡಿಯುವ ನೀರು ಎಲ್ಲವೂ ಅದರಲ್ಲಿ ಸೇರಿವೆ. ಆದರೆ ಮೂರರಲ್ಲೊಂದಕ್ಕಿಂತ ಹೆಚ್ಚು ಮಕ್ಕಳು ಕುಗ್ಗಿರುವ ನಾಡಿನಲ್ಲಿ, ತಿನ್ನುವ ಮಗುವಿನ ತಟ್ಟೆಯಿಂದ ಮೊಟ್ಟೆಯನ್ನು ತೆಗೆಯಿರಿ ಎನ್ನಲು ಯಾರಿಗೂ ಬಾಯಿ ಬರಬಾರದು.

ಐವತ್ತು ಗ್ರಾಂ ತೂಗುವ ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಏಳೆಂಟು ವರ್ಷದ ಮಗುವಿಗೆ ದಿನಕ್ಕೆ ಬೇಕಾದುದರಲ್ಲಿ ಅದು ಹೆಚ್ಚುಕಡಿಮೆ ಕಾಲು ಭಾಗ. ದೇಹ ತಾನೇ ತಯಾರಿಸಿಕೊಳ್ಳಲಾರದ ಅಮೈನೋ ಆಮ್ಲಗಳೆಲ್ಲವೂ ಅದರಲ್ಲಿವೆ. ನಮ್ಮ ಕಡೆಯವರಿಗೆ ಇದು ವಿಶೇಷವಾಗಿ ಮುಖ್ಯ. ರಾಗಿಯಲ್ಲಿ ಸುಣ್ಣದಂಶ ಧಾರಾಳವಾಗಿದೆ, ಅಕ್ಕಿ ಗೋಧಿಗಳು ಅದರ ಹತ್ತಿರವೂ ಬರುವುದಿಲ್ಲ, ಆದರೆ ರಾಗಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಮೊಟ್ಟೆಯಲ್ಲಿ ಅದು ಸಮೃದ್ಧವಾಗಿದೆ. ಹುರುಳಿ, ಅವರೆ, ತೊಗರಿಗಳೂ ಈ ಕೊರತೆಯನ್ನು ತುಂಬುತ್ತವೆ. ಆದರೆ ಬೇಳೆಕಾಳಿನಲ್ಲಿ ಇಲ್ಲದ ಬಿ12 ಜೀವಸತ್ವ ಮೊಟ್ಟೆಯಲ್ಲಿದೆ. ಆದ್ದರಿಂದ ಮುದ್ದೆಯ ಜೊತೆ ಮೊಟ್ಟೆ ಸಾರು ನಮ್ಮ ಅಡುಗೆಮನೆಯ ಅತ್ಯುತ್ತಮ ಜೋಡಿಗಳಲ್ಲೊಂದು. ಬೇಯಿಸಿ ಸುಲಿದು ಹಾಕುವ ಸಾರಿಗಿಂತ ಒಡೆದು ಬಿಡುವ ಸಾರೇ ನನಗೆ ಮೆಚ್ಚು: ಕೊತ್ತಂಬರಿ, ತೆಂಗಿನಕಾಯಿ, ಚಕ್ಕೆ ಲವಂಗ ರುಬ್ಬಿದ ಮಸಾಲೆ ಚೆನ್ನಾಗಿ ಕುದಿದ ಮೇಲೆ ಉರಿ ತಗ್ಗಿಸಿ, ಪಾತ್ರೆಯ ಅಂಚಿನಲ್ಲಿ ಒಂದೊಂದಾಗಿ ಮೊಟ್ಟೆ ಒಡೆದು ಬಿಟ್ಟು, ಸೌಟು ಆಡಿಸದೆ ಮುಚ್ಚಿಟ್ಟರೆ, ಬಿಳಿಭಾಗ ಮಸಾಲೆಯನ್ನು ಹೀರಿಕೊಂಡು ಹಳದಿಯ ಸುತ್ತ ಗಟ್ಟಿಯಾಗುತ್ತದೆ. ಕರಿಯುವ ಎಣ್ಣೆಯ ಗೊಡವೆಯೇ ಇಲ್ಲ.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಮೊಟ್ಟೆ ತಿಂದರೆ ರಕ್ತಹೀನತೆ ಹೋಗುತ್ತದೆಂದು ಕೆಲವರು ನಂಬಿದ್ದಾರೆ, ಆದರೆ ಅದರಲ್ಲಿರುವ ಕಬ್ಬಿಣ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ಶಾಲೆಯಲ್ಲಿ, ಅಂಗನವಾಡಿಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಮೊಟ್ಟೆಯ ನೆಪದಲ್ಲಿ ಬಿಡುವಂತಿಲ್ಲ.

ವಯಸ್ಸಾದವರ ವಿಷಯದಲ್ಲಿ ನಮ್ಮೂರಿನ ಅಂಜಿಕೆ ಇನ್ನೊಂದು ಬಗೆಯದು. ಐವತ್ತು ದಾಟಿದವರು ಹಳದಿಯನ್ನು ತೆಗೆದಿಟ್ಟು ಬಿಳಿಯನ್ನಷ್ಟೇ ತಿನ್ನುವುದನ್ನು ಮದುವೆ ಮನೆಗಳಲ್ಲಿಯೂ ನೋಡುತ್ತೇನೆ. ಈ ಭಯಕ್ಕೆ ಬಹಳ ದೂರದ ಮೂಲವಿದೆ. ಅಮೆರಿಕದ ಹೃದಯ ಸಂಘ 1968ರಲ್ಲಿ ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಕೊಲೆಸ್ಟರಾಲ್ ಬೇಡ, ವಾರಕ್ಕೆ ಮೂರು ಹಳದಿ ಸಾಕು ಎಂದಿತು. ಒಂದು ಹಳದಿಯಲ್ಲಿ ಸುಮಾರು 190 ಮಿಲಿಗ್ರಾಂ ಇರುವುದರಿಂದ ಮೊಟ್ಟೆ ಅಪರಾಧಿಯಾಯಿತು. ನಂತರದ ಸಂಶೋಧನೆಗಳು ಬೇರೆಯೇ ಚಿತ್ರ ಕೊಟ್ಟವು. ರಕ್ತದ ಕೊಲೆಸ್ಟರಾಲಿನ ಹೆಚ್ಚಿನ ಪಾಲನ್ನು ನಮ್ಮ ಯಕೃತ್ತೇ ತಯಾರಿಸುತ್ತದೆ, ಬಹುತೇಕರಲ್ಲಿ ಅದನ್ನು ಏರಿಸುವುದು ಮೊಟ್ಟೆಗಿಂತ ಹೆಚ್ಚಾಗಿ ತುಪ್ಪ, ವನಸ್ಪತಿ, ಕೊಬ್ಬಿನ ಮಾಂಸಗಳಲ್ಲಿರುವ ಸ್ಯಾಚುರೇಟೆಡ್ ಕೊಬ್ಬು. 2015ರ ಅಮೆರಿಕದ ಆಹಾರ ಮಾರ್ಗಸೂಚಿಯಿಂದ ಆ 300ರ ಮಿತಿಯನ್ನೇ ಕೈಬಿಡಲಾಯಿತು. ಆರೋಗ್ಯವಂತರಿಗೆ ದಿನಕ್ಕೊಂದು ಇಡೀ ಮೊಟ್ಟೆಯಿಂದ ತೊಂದರೆಯಿಲ್ಲ. ಸಕ್ಕರೆ ಕಾಯಿಲೆ, ಹೃದ್ರೋಗ ಇದ್ದವರು ತಮ್ಮ ವೈದ್ಯರನ್ನು ಕೇಳಿ ನಿರ್ಧರಿಸಬೇಕು. ಬಿಸಾಡುವ ಹಳದಿಯಲ್ಲೇ ಎ, ಡಿ ಜೀವಸತ್ವಗಳು, ಮಿದುಳಿಗೆ ಬೇಕಾದ ಕೋಲೀನ್, ಕಣ್ಣಿನ ಅಕ್ಷಿಪಟಲದಲ್ಲಿ ಸಂಗ್ರಹವಾಗುವ ಲ್ಯೂಟೀನ್, ಮೊಟ್ಟೆಯ ಹತ್ತಿರ ಹತ್ತಿರ ಅರ್ಧದಷ್ಟು ಪ್ರೋಟೀನ್ ಎಲ್ಲವೂ ಇವೆ. ಹಲ್ಲು ಸಡಿಲಗೊಂಡು ಮಾಂಸ ಅಗಿಯಲಾರದೆ, ಸ್ನಾಯು ಕರಗಿ ಕೈಕಾಲು ಸೋಲುವ ವಯಸ್ಸಿನಲ್ಲಿ ಇಷ್ಟು ಮೆತ್ತಗಿನ ಪೌಷ್ಟಿಕ ಆಹಾರ ಬೇರೆ ಯಾವುದಿದೆ?

ನಾಟಿ ಮೊಟ್ಟೆಯೇ ಬೇಕೆಂಬ ಹಟವೂ ಬೇಡ. ಚಿಪ್ಪಿನ ಬಣ್ಣ ಕೋಳಿಯ ತಳಿಯನ್ನು ಹೇಳುತ್ತದೆಯೇ ಹೊರತು ಒಳಗಿನ ಸತ್ವವನ್ನಲ್ಲ. ಬಾಣಂತಿಗೆ ನಾಟಿ ಮೊಟ್ಟೆ ಸಿಕ್ಕರೆ ಸಂತೋಷ. ಸಿಗದಿದ್ದರೆ ಒಂದು ಲೋಟ ಟೀಗಿಂತ ಅಗ್ಗವಾದ ಫಾರಂ ಮೊಟ್ಟೆ ಆಕೆಗೆ ಮೋಸ ಮಾಡುವುದಿಲ್ಲ.

ಮೈಸೂರಿನ ಗರಡಿ ಮನೆಗಳ ಬಗ್ಗೆ ನನಗೆ ಅಪಾರ ಗೌರವವಿದೆ, ಆ ಗೌರವದಿಂದಲೇ ಹೇಳುತ್ತೇನೆ: ಹಾಲಿಗೆ ಹಸಿ ಮೊಟ್ಟೆ ಒಡೆದು ಕುಡಿಯುವುದನ್ನು ಪೈಲ್ವಾನರು ಬಿಡಬೇಕು. ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ಸುಮಾರು ಶೇ. 90 ಜೀರ್ಣವಾದರೆ ಹಸಿಯದರಲ್ಲಿ ಶೇ. 50ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಹಸಿ ಬಿಳಿಭಾಗದಲ್ಲಿರುವ ಅವಿಡಿನ್ ಎಂಬ ಪ್ರೋಟೀನ್ ಬಯೋಟಿನ್ ಜೀವಸತ್ವವನ್ನು ಕಟ್ಟಿಹಾಕುತ್ತದೆ, ಸಾಲ್ಮೊನೆಲ್ಲಾ ಸೋಂಕಿನ ಅಪಾಯ ಬೇರೆ. ತಾಲೀಮು ಮುಗಿಸಿದ ಹುಡುಗರಿಗೆ ಉಸ್ತಾದರು ಅವೇ ಮೊಟ್ಟೆಗಳನ್ನು ಹತ್ತು ಹನ್ನೆರಡು ನಿಮಿಷ ಕುದಿಸಿ ಕೊಡಲಿ, ಹಾಲನ್ನು ಪಕ್ಕದ ಲೋಟದಲ್ಲಿಡಲಿ.