ಪಾರಿಜಾತ ರುಕ್ಮಿಣಿಗೆ, ರೇಶನ್ ಕಾರ್ಡ್ ಯಾರ ಹೆಸರಿಗೆ?

ಜಾತ್ರೆಗೆ ಈ ಸಲ ಶ್ರೀಕೃಷ್ಣ ಪಾರಿಜಾತ ಆಡಿಸೋಣ ಎಂದು ಕಮಿಟಿ ಗುಡಿಕಟ್ಟೆಯ ಮೇಲೆ ಕೂತು ಠರಾಯಿಸಿತೆನ್ನಿ. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟು, ಸತ್ಯಭಾಮೆ ಮುನಿಸಿಕೊಳ್ಳುವ ಬಯಲಾಟ ಅದು. ಮೊದಲ ಪೆಟ್ಟು ಬೀಳುವುದು ಕಬ್ಬಿನಿಂದ. ಮುಧೋಳ, ಮೂಡಲಗಿ ಕಡೆಯ ಹಳ್ಳಿಗಳಲ್ಲಿ ಸ್ಟೇಜ್ ಅಂದರೆ ಎರಡು ಟ್ರ್ಯಾಕ್ಟರ್ ಟ್ರೇಲರ್. ಎದುರುಬದುರು ಜೋಡಿಸಿ, ಗಾಲಿಗೆ ಕಲ್ಲು ಕೊಟ್ಟು, ಮೇಲೆ ತಾಡಪತ್ರಿ ಎಳೆದರೆ ದ್ವಾರಕೆ ತಯಾರು. ಆದರೆ ಕಾರ್ಖಾನೆ ಶುರುವಾದ ಮೇಲೆ ಟ್ರೇಲರುಗಳೆಲ್ಲ ಕಬ್ಬು ಹೇರಿಕೊಂಡು ಅಲ್ಲಿ ಪಾಳಿ ಹಚ್ಚಿರುತ್ತವೆ. "ರಾತ್ರಿ ಎಂಟಕ್ಕ ಬಂದ ಬಿಡ್ತೀನ್ರಿ" ಎಂದ ಡ್ರೈವರು ಬರುವುದು ಮರುದಿನ, ಕೃಷ್ಣ ಬಣ್ಣ ತೊಳೆದುಕೊಂಡು ಚಹಾ ಕುಡಿಯುವ ಹೊತ್ತಿಗೆ.

ಪಾಳಿ ತಪ್ಪಿಸಿ ಎರಡು ಟ್ರೇಲರ್ ಸಿಕ್ಕವೆಂದೇ ಇಟ್ಟುಕೊಳ್ಳಿ. ಒಂದರ ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ನಡುವೆ ಎರಡು ಬೆರಳಿನ ಮೆಟ್ಟಿಲು. ತಾಡಪತ್ರಿಯ ಕೆಳಗೆ ಅದು ಕಾಣುವುದಿಲ್ಲ, ರುಕ್ಮಿಣಿಯ ಕಾಲಿಗೆ ಮಾತ್ರ ಸಿಗುತ್ತದೆ. ಟ್ರೇಲರೇ ಇಲ್ಲದಿದ್ದರೆ 200 ಲೀಟರಿನ ಬ್ಯಾರಲ್ಲುಗಳು. ಅಗಲ 18 ಅಡಿ, ಆಳ 12 ಅಡಿಯ ಸ್ಟೇಜಿಗೆ ಆರಾರು ಅಡಿಗೊಂದರಂತೆ 12 ಬ್ಯಾರಲ್ ನಿಲ್ಲಿಸಿ, ಹಲಗೆ ಹಾಸಿ, ಹಗ್ಗ ಬಿಗಿಯಬೇಕು. ಬರಿದಾದ ಬ್ಯಾರಲ್ ಮೇಲೆ ಹೆಜ್ಜೆಯಿಟ್ಟರೆ ನಗಾರಿ. ನಾರದ ಮೆಲ್ಲಗೆ ಬಂದರೂ ಮೈಕಿನಲ್ಲಿ ಆನೆ ಬಂದಂತೆ ಕೇಳುತ್ತದೆ. ಪ್ರತಿಯೊಂದಕ್ಕೂ ಕಾಲುಭಾಗ ಉಸುಕು ತುಂಬಿದರೆ ಸದ್ದೂ ಅಡಗುತ್ತದೆ, ಸ್ಟೇಜೂ ಅಲುಗುವುದಿಲ್ಲ.

ಮೈಕ್ ಪರವಾನಗಿ ಇನ್ನೊಂದು ಪುರಾಣ. ಶಬ್ದಮಾಲಿನ್ಯದ ನಿಯಮದಂತೆ ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಬಂದ್. ವರ್ಷಕ್ಕೆ 15 ದಿನ ಮೀರದಂತೆ ಸರ್ಕಾರ 12ರವರೆಗೆ ಸಡಿಲ ಬಿಡಬಹುದು. ಪಾರಿಜಾತವೋ ಬೆಳತನಕದ ಆಟ. ಸತ್ಯಭಾಮೆಯ ಮುನಿಸನ್ನು 12ರೊಳಗೆ ಮುಗಿಸಿ ಅಂದರೆ ಕೃಷ್ಣನಿಗೇ ಆಗದ ಮಾತು. ಪೊಲೀಸರನ್ನು ಹೋಗಿ ಕೇಳೋಣವೆಂದರೆ ಡಿಸೆಂಬರಿನಲ್ಲಿ ಅವರಲ್ಲಿ ಅರ್ಧ ಮಂದಿ ಬೆಳಗಾವಿಯ ಸುವರ್ಣ ಸೌಧದ ಅಧಿವೇಶನದ ಬಂದೋಬಸ್ತಿಗೆ ಹೋಗಿರುತ್ತಾರೆ.

ಚಳಿಗಾಲದ ಬಣ್ಣದ ಕೋಣೆಯಲ್ಲಿ ಖಳನಾಯಕ ಯಾರೆಂದರೆ ಕೊಬ್ಬರಿ ಎಣ್ಣೆ. 24 ಡಿಗ್ರಿಗಿಂತ ತಂಪಾದರೆ ಗಟ್ಟಿಯಾಗುತ್ತದೆ. ಬಾಟಲಿ ತಲೆಕೆಳಗು ಮಾಡಿ ಬಡಿದರೂ ಹನಿ ಬೀಳದು. ಮುಖದ ಬಿಳಿ ಬಣ್ಣ ಸಫೇತ ಕಲಸುವುದಾದರೂ ಹೇಗೆ? ಬಾಟಲಿಯನ್ನು ಮೊದಲೇ ಚಹಾದ ಒಲೆಯ ಹತ್ತಿರ ಇಡಬೇಕು, ಒಲೆಯ ಮೇಲಲ್ಲ. ಮೀಸೆಯದು ಇದಕ್ಕೆ ಉಲ್ಟಾ. ಎಣ್ಣೆ ಹಚ್ಚಿದ ತುಟಿಗೆ ಗಮ್ ಹಿಡಿಯುವುದಿಲ್ಲ. ಮೊದಲು ಮೀಸೆಯ ಜಾಗ ಒರೆಸಿ, ಗಮ್ ಹಚ್ಚಿ, ಬೆರಳಿಗೆ ಅಂಟಂಟು ಹತ್ತುವವರೆಗೆ ಕಾಯ್ದು, ಮೀಸೆ ಒತ್ತಿ, ಆಮೇಲೆ ಸುತ್ತ ಬಣ್ಣ. ಅವಸರದ ಮೀಸೆ ಮೊದಲ ಆಲಾಪಕ್ಕೇ ಒಂದು ಕಡೆ ಜೋತುಬೀಳುತ್ತದೆ.

ತಬಲಾ ಕೂಡ ಇಬ್ಬನಿಗೆ ಸೋಲುತ್ತದೆ. ರಾತ್ರಿ ಎರಡರ ಹೊತ್ತಿಗೆ ಚರ್ಮ ಹಸಿ ಹಿಡಿದು ಸ್ವರ ಇಳಿಯುತ್ತದೆ. ಹಾರ್ಮೋನಿಯಂ ಇದ್ದಲ್ಲೇ ಇರುತ್ತದೆ, ಹಾಡುವವರು ಇನ್ನೂ ಮೇಲೆ ಏರುತ್ತಾರೆ. ಹೀಗಾಗಿ ಸತ್ಯಭಾಮೆ ಬಿಕ್ಕುವಾಗ ತಬಲಜಿ ಸ್ವರ ಏರಿಸಲು ಸುತ್ತಿಗೆಯಿಂದ ತಬಲಾದ ಪಕ್ಕದ ಮರದ ತುಂಡು, ಗಟ್ಟಾ, ಬಡಿಯುತ್ತಿರುತ್ತಾನೆ. ಹಿಂದೆ ಕೂತವರಿಗೆ ಯಾರೋ ಮೊಳೆ ಹೊಡೆಯುತ್ತಿದ್ದಾರೆ ಅನಿಸುತ್ತದೆ.

ಇಷ್ಟೆಲ್ಲ ದಾಟಿದರೆ ನಿಜವಾದ ಆಟ: ಸತ್ಯಭಾಮೆಯ ಸಖಿ ದೂತಿ ಮತ್ತು ಆಟ ನಡೆಸುವ ಭಾಗವತರ ಮಾತಿನ ಜುಗಲಬಂದಿ. ಕುಲಗೋಡ ತಮ್ಮಣ್ಣ ಕಟ್ಟಿ ಬೆಳೆಸಿದ ಈ ಆಟದಲ್ಲಿ ಹಾಡು ಹಳೆಯವು, ಮಾತು ಅವತ್ತಿನವು. ಮುಂಜಾನೆಯ ಪೇಪರು ರಾತ್ರಿ ದೂತಿಯ ಬಾಯಲ್ಲಿ ಬರಬೇಕು. ಮೂಡಲಗಿ ಕಡೆಯ ಗುರ್ಲಾಪುರ ಕ್ರಾಸಿನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ರೈತರು ಕೂತು, ಸರ್ಕಾರ 3,300ಕ್ಕೆ ಬಂದು ನಿಂತದ್ದು 2025ರ ನವೆಂಬರಿನಲ್ಲಿ. ದೂತಿಗೆ ಅಷ್ಟು ಸಾಕು: "ಯಪ್ಪಾ, ಬಾಯಾರು 3,500 ಹೂವು ಕೇಳ್ಯಾರ. ನಿಮ್ಮ ದೇವರಿಗಿ ಹೇಳ್ರಿ, 3,300ಕ್ಕ ಮುಗಸೋಣು." ಭಾಗವತ: "ಬಿಲ್ ಯಾವಾಗ?" ದೂತಿ: "ಅದನ್ನ ಮಾತ್ರ ಕೇಳಬ್ಯಾಡ್ರಿ." ಕಬ್ಬು ಬೆಳೆದವರ ನಗು ಮೈಕಿಲ್ಲದೆ ಮುಂದಿನ ಊರಿಗೆ ಕೇಳುತ್ತದೆ.

ಗೃಹಲಕ್ಷ್ಮಿ ಬಂದ ಮೇಲಂತೂ ಪಾರಿಜಾತದ ಜಗಳಕ್ಕೇ ಹೊಸ ಕಾರಣ ಸಿಕ್ಕಿದೆ. ತಿಂಗಳಿಗೆ 2,000 ರೂಪಾಯಿ ಹೋಗುವುದು ರೇಶನ್ ಕಾರ್ಡಿನಲ್ಲಿ ಯಜಮಾನಿ ಎಂದಿರುವ ಒಬ್ಬಳಿಗೆ. ಹೂವು ಹೋಗಲಿ, ಕಾರ್ಡು ರುಕ್ಮಿಣಿಯ ಹೆಸರಿಗೋ ಸತ್ಯಭಾಮೆಯ ಹೆಸರಿಗೋ? ಕೃಷ್ಣ ತಲೆ ಕೆರೆದುಕೊಂಡಷ್ಟೂ ಹೆಂಗಸರ ಸಾಲಿನಲ್ಲಿ ನಗು ಏರುತ್ತದೆ.

ಅಪಾಯವೂ ಇಲ್ಲಿಯೇ. ಒಂದು ಪಕ್ಷಕ್ಕೆ ಎರಡು ಚಾಟಿ ಬಿದ್ದರೆ ಇನ್ನೊಂದಕ್ಕೂ ಎರಡೇ ಬೀಳಬೇಕು. ಲೆಕ್ಕ ತಪ್ಪಿದರೆ ಮುಂದಿನ ಸಾಲಿನವರು ಟಾವೆಲ್ ಝಾಡಿಸಿಕೊಂಡು ಏಳುತ್ತಾರೆ. ಮೊದಲು ಎದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಈಗ ಮೊಬೈಲಿನಲ್ಲಿ ಅರ್ಧ ಮಾತು ಹಿಡಿದು ಬೆಳಗಾಗುವುದರೊಳಗೆ ತಾಲೂಕಿಗೆಲ್ಲ ಹಂಚಿರುತ್ತಾರೆ. ಮಾಸ್ತರರಿಗೆ ಒಂದು ಸೂಚನೆ: ತಾಲೀಮಿನಲ್ಲಿ ಕಲಿಸಿದ ಸುದ್ದಿಯನ್ನು ಆಟದ ದಿನ ಇನ್ನೊಮ್ಮೆ ನೋಡಿಕೊಳ್ಳಿ. ನಿನ್ನೆ ರಾಜೀನಾಮೆ ಕೊಟ್ಟ ಸಾಹೇಬರನ್ನು ಇವತ್ತೂ ಸಾಹೇಬರೆಂದರೆ ಜನ ನಗುವುದು ಜೋಕಿಗಲ್ಲ.

ಆಯೇರಿ, ಅಂದರೆ ಆಟದ ನಡುವೆ ಹೆಸರು ಕೂಗಿಸಿ ಕೊಡುವ ಕಾಣಿಕೆ, ಬೇರೆ. ಸತ್ಯಭಾಮೆ ಅಳು ತೆಗೆಯುವ ಹೊತ್ತಿಗೆ ಸರಿಯಾಗಿ ಚೀಟಿ ಬರುತ್ತದೆ: "ಮಾಜಿ ಗ್ರಾಮ ಪಂಚಾಯತಿ ಸದಸ್ಯರು, 51 ರೂಪಾಯಿ." ಅದನ್ನು ಕೇಳಿ ಹಾಲಿ ಸದಸ್ಯರು 101 ಕಳಿಸುತ್ತಾರೆ. ಮಾಜಿಗಳು ಸುಮ್ಮನಿರುತ್ತಾರೆಯೇ, 151. ಕಮಿಟಿಗೆ ಸುಗ್ಗಿ, ಸತ್ಯಭಾಮೆಗೆ ಅಳು ಒಣಗಿ ಹೋಗಿರುತ್ತದೆ. ಚೀಟಿಗಳನ್ನು ಕೂಡಿಸಿಟ್ಟು ಪ್ರವೇಶ ಮುಗಿದ ಮೇಲೆ ಓದಿ ಎಂದರೆ, ತನ್ನ ಹೆಸರು ಕೇಳಿದ ಮೇಲೇ ಮಲಗಲು ಹೋಗಬೇಕೆಂದಿದ್ದ ದಾನಿ ಒಪ್ಪುವುದಿಲ್ಲ.

ಹೂವಿನ ವಿಷಯ ಹೇಳದೇ ಬಿಟ್ಟರೆ ಆಟವೇ ಇಲ್ಲ. ಹಿಮ್ಮೇಳ, ಕಿರೀಟ, ಜನರೇಟರಿನ ಡೀಸೆಲ್ ಎಲ್ಲ ನೆನಪಿರುತ್ತವೆ, ಪಾರಿಜಾತವೊಂದೇ ಮರೆತಿರುತ್ತದೆ. ಕಾಗದದ ಹೂವು ಎರಡು ಮಾಡಿ, ಒಂದನ್ನು ನಾರದನ ತಂಬೂರಿಗೆ ದಾರದಿಂದ ಕಟ್ಟಿ, ಇನ್ನೊಂದನ್ನು ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಇಡಬೇಕು. ಇಲ್ಲದಿದ್ದರೆ ನಾರದ ಪರದೆಯ ಹಿಂದಿನಿಂದ ಕೈಚಾಚಿ, ಅತಿಥಿಗಳು ಬಿಟ್ಟುಹೋದ ಸತ್ಕಾರದ ಮಾಲೆಯಿಂದ ಸೇವಂತಿಗೆಯೊಂದನ್ನು ಕಿತ್ತು ತರುತ್ತಾನೆ. ದೂತಿ ಬಿಡುವವಳಲ್ಲ: "ಸ್ವಾಮೇರ, ಸ್ವರ್ಗದಾಗೂ ಶಾಲು, ಹಣ್ಣಿನ ಬುಟ್ಟಿ ಕೊಟ್ಟರೇನ್ರಿ?"